ಮನೆಗೂ ಒಂದು ಶಟರ್ ಬೇಕು



ಹೋಟೆಲಿಗೆ ಶಟರ್ ಇರುತ್ತದೆ. ರಾತ್ರಿ ಅದನ್ನೆಳೆದು ಬೀಗ ಹಾಕಿದರೆ ಅಂದಿನ ವ್ಯಾಪಾರ ಮುಗಿಯಿತು. ಆಮೇಲೆ ಯಾರು ಬಂದು ತಟ್ಟಿದರೂ "ನಾಳೆ ಬನ್ನಿ" ಎನ್ನಬಹುದು. ಆದರೆ ಮನೆಯಲ್ಲೇ ಒಲೆ ಹಚ್ಚಿ ಊಟದ ಡಬ್ಬಿ, ಸಣ್ಣಪುಟ್ಟ ಆರ್ಡರ್ ಮಾಡಿಕೊಡುವ ನಮ್ಮ ಸದಸ್ಯರಿಗೆ ಆ ಶಟರ್ ಎಲ್ಲಿದೆ? ಮಲಗುವ ಕೋಣೆಯೇ ಗೋದಾಮು, ಊಟದ ಜಾಗವೇ ತರಕಾರಿ ಹೆಚ್ಚುವ ಜಾಗ, ಮನೆಯ ಫೋನೇ ಆಫೀಸಿನ ಫೋನು. ಈ ಬಾರಿ ನಾವು ದರಪಟ್ಟಿಯ ವಿಷಯವನ್ನು ಬದಿಗಿಟ್ಟು ಈ ವಿಷಯ ಬರೆಯಲು ಕಾರಣವಿದೆ.

ಬೈಕುಲ್ಲಾದ ಒಂದು ಚಾಳಿನಲ್ಲಿ ಒಂದೇ ಕೋಣೆಯಲ್ಲಿ ವಾಸವಾಗಿರುವ ನಮ್ಮ ಸದಸ್ಯರೊಬ್ಬರ ಮನೆಗೆ ಇತ್ತೀಚೆಗೆ ಹೋಗಿದ್ದೆವು. ರಾತ್ರಿ ಹನ್ನೊಂದೂವರೆಗೆ ಅವರ ಫೋನ್ ಬಾರಿಸಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಮೂವತ್ತು ಪ್ಲೇಟ್ ಉಪ್ಪಿಟ್ಟು, ಶಿರಾ ಬೇಕಂತೆ. ಅವರು "ಆಯಿತು, ಮಾಡೋಣ" ಎಂದರು. ಒಪ್ಪಿದ್ದು ಅವರು. ಬೆಳಗಿನ ಜಾವ ನಲ್ಲಿ ನೀರು ಬರುವ ಹೊತ್ತಿಗೆ ಏಳಬೇಕಾದವರು ಅವರ ಮನೆಯವರು. ಆ ತಾಯಿ ಏನೂ ಹೇಳಲಿಲ್ಲ. ನಾವು ಹೊರಡುವಾಗ ಮಾತ್ರ ನಗುತ್ತಲೇ ಒಂದು ಮಾತು ಹೇಳಿದರು: "ತಟ್ಟೆಗೆ ಬಡಿಸಿದರೆ ನನ್ನ ಮಗ ಮೊದಲು ಕೇಳುವುದು ಏನು ಗೊತ್ತಾ? ಅಮ್ಮಾ, ಇದು ನಮ್ಮದಾ, ಆರ್ಡರಿನದಾ?"

ಆ ಮಾತು ನಮ್ಮನ್ನು ಚುಚ್ಚಿತು. ಊರಿಗೆಲ್ಲ ಉಣಿಸುವ ಮನೆಯ ಮಗು ತನ್ನ ತುತ್ತನ್ನು ಅನುಮಾನದಿಂದ ನೋಡಬೇಕೇ?

ಈ ಪರಿಸ್ಥಿತಿ ಹೆಚ್ಚಾದದ್ದು 2020ರ ಲಾಕ್‌ಡೌನಿನ ನಂತರ. ಮದುವೆ, ಮುಂಜಿ, ಗೃಹಪ್ರವೇಶಗಳ ಆರ್ಡರುಗಳು ಒಂದರ ಮೇಲೊಂದು ರದ್ದಾದುದನ್ನು ನಾವ್ಯಾರೂ ಮರೆತಿಲ್ಲ. ಎಷ್ಟೋ ಮಂದಿ ಬಾಡಿಗೆಯ ಅಡುಗೆಮನೆ ಬಿಟ್ಟುಕೊಟ್ಟು ಪಾತ್ರೆಗಳನ್ನು ಮನೆಗೆ ತಂದರು. ಹೊಟ್ಟೆಪಾಡಿಗಾಗಿ ಶುರುವಾದದ್ದು ಹಲವರಿಗೆ ಕಾಯಂ ಆಯಿತು. ಬಾಡಿಗೆ ಉಳಿಯಿತು ನಿಜ, ಆದರೆ ನಿದ್ದೆ ಹೋಯಿತು.

'ವರ್ಕ್ ಫ್ರಮ್ ಹೋಮ್' ಎಂಬುದು ಈಗ ಕಂಪ್ಯೂಟರಿನವರ ಮಾತಾಗಿದೆ. ಆದರೆ ಬೈಕುಲ್ಲಾ, ಲಾಲ್‌ಬಾಗ್, ಪರೇಲಿನ ಗಿರಣಿ ಪ್ರದೇಶಕ್ಕೆ ಅದು ಹೊಸತಲ್ಲ. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಸಾವಿರಾರು ಹೆಂಗಸರು ತಮ್ಮ ಚಾಳಿನ ಕೋಣೆಯಲ್ಲೇ ಖಾನಾವಳಿ ನಡೆಸಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದರು. ಊಟ ಸಾಲದ ಮೇಲೆ, ಹಣ ಪಗಾರದ ದಿನ. ಅಲ್ಲಿಯತನಕ ದಿನಸಿಯವನ ಬಾಕಿ, ಸಾಲಗಾರನ ಬಡ್ಡಿ. ಆ ಹೆಂಗಸರನ್ನು ಒಟ್ಟುಗೂಡಿಸಿ ಬ್ಯಾಂಕ್ ಸಾಲ ಸಿಗುವಂತೆ ಮಾಡಲು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಲವನ್ನು ಕಟ್ಟಿದರು. ಅದರಿಂದ ನಾವು ಕಲಿಯಬೇಕಾದ ಪಾಠ ಇಷ್ಟೇ: ಮನೆಯಲ್ಲಿ ದುಡಿಯುವವರ ಕಷ್ಟವನ್ನು ಒಬ್ಬೊಬ್ಬರೇ ನುಂಗಿಕೊಂಡರೆ ಅದು ಹೊಟ್ಟೆಯೊಳಗೇ ಕುದಿಯುತ್ತದೆ, ನಾಲ್ಕು ಜನ ಸೇರಿದರೆ ಅದಕ್ಕೊಂದು ದಾರಿ ಆಗುತ್ತದೆ.

ಇನ್ನೊಂದು ಉದಾಹರಣೆ ಲಿಜ್ಜತ್ ಪಾಪಡ್‌ನದು. 1959ರಲ್ಲಿ ಗಿರ್ಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಆರಂಭಿಸಿದ ಉದ್ಯೋಗ ಅದು. ಅಲ್ಲಿ ಸದಸ್ಯೆಯರು ಕೇಂದ್ರದಿಂದ ಹಿಟ್ಟನ್ನು ತೂಕ ಮಾಡಿಸಿ ಮನೆಗೆ ಒಯ್ಯುತ್ತಾರೆ, ಲಟ್ಟಿಸಿದ ಹಪ್ಪಳವನ್ನು ತಂದೊಪ್ಪಿಸುತ್ತಾರೆ. ಗಮನಿಸಿ, ಹಿಟ್ಟು ತೂಕದ್ದು. ಅದು ಮುಗಿದರೆ ಆ ದಿನದ ಕೆಲಸ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಫೋನ್ ಬಾರಿಸಿದಷ್ಟೂ ನಮ್ಮ ಹಿಟ್ಟು ಹೆಚ್ಚುತ್ತಲೇ ಹೋಗುತ್ತದೆ.

"ಬೇಡ ಎಂದರೆ ಗಿರಾಕಿ ಬೇರೆಯವರ ಕಡೆ ಹೋಗುತ್ತಾನಲ್ಲ?" ಎಂದು ಸದಸ್ಯರು ಕೇಳಬಹುದು. ನ್ಯಾಯವಾದ ಭಯ. ಆದರೆ ನಮ್ಮ ಮುಂಬಯಿಯ ಡಬ್ಬಾವಾಲರನ್ನು ನೋಡಿ. 1890ರಿಂದ ನಡೆದುಬಂದ ವೃತ್ತಿ. ಹೇಳಿದ ಹೊತ್ತಿಗೆ ಡಬ್ಬಿ ಸಿದ್ಧವಿಲ್ಲದಿದ್ದರೆ ಅವರು ಕಾಯುತ್ತಾ ಕೂರುವುದಿಲ್ಲ. ಭಾನುವಾರ ಅವರಿಗೆ ರಜೆ. ವರ್ಷಕ್ಕೊಮ್ಮೆ ಊರಿನ ಜಾತ್ರೆಗೆಂದು ಕೆಲವು ದಿನ ಕೆಲಸವನ್ನೇ ನಿಲ್ಲಿಸಿ ಹೋಗುತ್ತಾರೆ, ಮೊದಲೇ ತಿಳಿಸಿರುತ್ತಾರೆ. ಅದರಿಂದ ಅವರ ಗೌರವ ಕಡಿಮೆಯಾಯಿತೇ? ಇಲ್ಲ, ಹೆಚ್ಚಾಯಿತು. ಬೇರೆ ಮಾತೇಕೆ, ನಮ್ಮ ಬೈಕುಲ್ಲಾದ ರಾಣಿಬಾಗಿನ ಪ್ರಾಣಿಗಳಿಗೂ ಬುಧವಾರ ಜನರಿಂದ ಬಿಡುವು ಇದೆ. ನಮ್ಮ ಸದಸ್ಯರಿಗೆ ಯಾವ ವಾರ?

ಆದುದರಿಂದ ಮನೆಗೂ ಒಂದು ಶಟರ್ ಹಾಕಿಕೊಳ್ಳೋಣ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ತಗಡು ಬೇಡ, ನಿರ್ಧಾರ ಸಾಕು.

ಮೊದಲನೆಯದು ಹೊತ್ತು. ಮರುದಿನದ ಆರ್ಡರನ್ನು ಸಂಜೆ ಏಳರ ನಂತರ ತೆಗೆದುಕೊಳ್ಳುವುದಿಲ್ಲ ಎಂದು ಗಿರಾಕಿಗಳಿಗೆ ಮೊದಲೇ ತಿಳಿಸಿಬಿಡಿ. ವ್ಯಾಪಾರಕ್ಕೆ ಬೇರೆ ನಂಬರ್ ಇಟ್ಟು ರಾತ್ರಿ ಅದನ್ನು ಬಂದ್ ಮಾಡಿ. ಆರಂಭದಲ್ಲಿ ಒಂದೆರಡು ಆರ್ಡರ್ ತಪ್ಪಬಹುದು. ಉಳಿದವರು ಹೊತ್ತಿಗೆ ಸರಿಯಾಗಿ ಹೇಳುವುದನ್ನು ಕಲಿಯುತ್ತಾರೆ.

ಎರಡನೆಯದು ಅಳತೆ. ನಿಮ್ಮ ಒಲೆ, ಪಾತ್ರೆ, ಕೈಗಳಿಗೆ ದಿನಕ್ಕೆ ಎಷ್ಟು ಊಟ ಸಾಧ್ಯ ಎಂಬುದನ್ನು ಬರೆದಿಡಿ. ಅದಕ್ಕಿಂತ ಹೆಚ್ಚು ಬಂದರೆ ಹತ್ತಿರದ ಸದಸ್ಯರಿಗೆ ದಾಟಿಸಿ.

ಮೂರನೆಯದು ಮನೆಯ ಪಾತ್ರೆ. ಮನೆಯವರ ಅನ್ನ, ಸಾರು ಮೊದಲು ತೆಗೆದಿಟ್ಟು ಆಮೇಲೆ ಡಬ್ಬಿ ತುಂಬಿ. ಇದು ಸಣ್ಣ ವಿಷಯವೆಂದು ತೋರಬಹುದು. ಆ ಹುಡುಗನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನಾಲ್ಕನೆಯದು ಕಾಗದಪತ್ರ. ಎಷ್ಟೋ ಟೆನ್ಶನ್ನಿಗೆ ಕಾರಣ ಕೆಲಸವಲ್ಲ, ಭಯ. ಮನೆಯ ಬಳಕೆಗೆ ಕೊಟ್ಟ 14.2 ಕಿಲೋ ಸಿಲಿಂಡರಿನಲ್ಲಿ ವ್ಯಾಪಾರದ ಅಡುಗೆ ಮಾಡುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮಾಡುವವರಿಗೆ ಯಾರು ಬೆಲ್ ಒತ್ತಿದರೂ ಎದೆ ಡವಗುಟ್ಟುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಮನೆಯಿಂದ ಆಹಾರ ಮಾರುವವರೂ ನೋಂದಣಿ ಮಾಡಿಸಬೇಕು. ಇವೆರಡನ್ನೂ ಸರಿಪಡಿಸಿಕೊಂಡರೆ ಅರ್ಧ ನಿದ್ದೆ ಮರಳಿ ಬರುತ್ತದೆ. ಒಂದು ಕೋಣೆಯಲ್ಲಿ ಮಕ್ಕಳ ನಡುವೆ ದೊಡ್ಡ ಬೆಂಕಿ ಇಟ್ಟುಕೊಳ್ಳುವುದು ಕಾನೂನಿನ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆಯೂ ಹೌದು.

ಇನ್ನು ಆರೋಗ್ಯದ ಮಾತು. ಹಿಡಿತಕ್ಕೆ ಸಿಗದ ಕೆಲಸದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ದಣಿದರೂ ನಿದ್ದೆ ಬಾರದಿರುವುದು, ಮಕ್ಕಳ ಮೇಲೆ ವಿನಾಕಾರಣ ರೇಗುವುದು, ಒಲೆಯ ಮುಂದೆ ನಿಂತೊಡನೆ ಅಳು ಬರುವುದು, ಇವನ್ನು "ಎಲ್ಲರಿಗೂ ಇದ್ದದ್ದೇ" ಎಂದು ತಳ್ಳಿಹಾಕಬಾರದು. ಎದೆ ನೋವು ಬಂದರೆ ಗ್ಯಾಸೆಂದು ಸೋಡಾ ಕುಡಿದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮನಸ್ಸಿನ ತೊಂದರೆಗೆ ನಮ್ಮ ಪಕ್ಕದ ಜೆ. ಜೆ. ಆಸ್ಪತ್ರೆಯಲ್ಲೇ ವಿಭಾಗವಿದೆ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತನಾಡಬಹುದು. ಕನ್ನಡದಲ್ಲಿ ಮಾತನಾಡುವ ಸೌಲಭ್ಯವೂ ಅಲ್ಲಿದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ, ನಮ್ಮ ಸಂಘವೂ ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ನಮ್ಮ ಸದಸ್ಯರ ಪಟ್ಟಿಯಲ್ಲಿ ಇರುವುದು ಬಹುಮಟ್ಟಿಗೆ ಗಂಡಸರ ಹೆಸರು. ಮನೆಯ ಒಲೆಯ ಮುಂದೆ ಇರುವುದು ಬಹುಮಟ್ಟಿಗೆ ಹೆಂಗಸರು. ಸಭೆಗೆ ಬರುವವರಿಗೆ ದರದ ಚಿಂತೆ, ಸಭೆಗೆ ಬಾರದವರಿಗೆ ನಿದ್ದೆಯ ಚಿಂತೆ. ಹೀಗಿರುವಾಗ ಸರಿಯಾದ ಪ್ರಶ್ನೆ ಸಭೆಯಲ್ಲಿ ಏಳುವುದಾದರೂ ಹೇಗೆ? ಮನೆಯಿಂದ ಕೆಲಸ ಮಾಡುವ ಸದಸ್ಯರ ಪತ್ನಿಯರನ್ನೂ ಪೂರ್ಣ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು, ಮುಂದಿನ ಮಹಾಸಭೆಯನ್ನು ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಕರೆಯಬೇಕು ಎಂದು ನಾವು ಒತ್ತಾಯಿಸುತ್ತೇವೆ. ಹಾಗೆಯೇ ಒಬ್ಬರು ಕಾಯಿಲೆ ಬಿದ್ದರೆ ಅಥವಾ ಊರಿಗೆ ಹೋದರೆ ಅವರ ಡಬ್ಬಿಗಳನ್ನು ಇನ್ನೊಬ್ಬರು ನೋಡಿಕೊಂಡು, ಬಂದ ಮೇಲೆ ಗಿರಾಕಿಯನ್ನು ಮರಳಿ ಒಪ್ಪಿಸುವ ಕಟ್ಟುಪಾಡು ಆಗಬೇಕು. ಈ ನಂಬಿಕೆ ಇಲ್ಲದಿದ್ದರೆ ರಜೆಯ ಉಪದೇಶ ಬರೀ ಬಾಯಿಮಾತು.

ಅನ್ನದಾನಕ್ಕಿಂತ ದೊಡ್ಡ ದಾನವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆದರೆ ಅನ್ನ ಬಡಿಸುವ ಕೈಗೂ ಸಂಜೆಯಾಗಬೇಕು. ಈ ವಾರ ಒಂದು ರಾತ್ರಿಯಾದರೂ ಹೊತ್ತಿಗೆ ಸರಿಯಾಗಿ ಫೋನ್ ಬಂದ್ ಮಾಡಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ಊಟ ಮಾಡಿ. ಮಕ್ಕಳು ಕೇಳಿದರೆ "ಇದು ನಮ್ಮದೇ" ಎಂದು ಹೇಳಿ.