ರುಜುವಿಗೆ ಮುನ್ನಿನ ಮಾತುಕತೆ

1995ರಲ್ಲಿ ದೆಹಲಿಯ 44 ವರ್ಷ ವಯಸ್ಸಿನ ಅವಿವಾಹಿತ ಮಹಿಳೆಯೊಬ್ಬರು, ನಿಲ್ಲದ ಋತುಸ್ರಾವದ ಬಾಧೆಗೆ ಕಾರಣವನ್ನರಿಯಲೆಂದು ಲ್ಯಾಪರೊಸ್ಕೋಪಿ ಪರೀಕ್ಷೆಗೆ ಒಪ್ಪಿ ಅರಿವಳಿಕೆಗೆ ಒಳಗಾದರು. ಅವರಿಗೆ ಪ್ರಜ್ಞೆಯಿಲ್ಲದಿದ್ದ ಆ ಹೊತ್ತಿನಲ್ಲಿಯೇ, ಹೊರಗೆ ಕುಳಿತಿದ್ದ ತಾಯಿಯ ಸಮ್ಮತಿಯನ್ನು ಪಡೆದು, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಲಾಯಿತು. 2008ರ ಜನವರಿಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ವೈದ್ಯೆಯ ಸದ್ಭಾವನೆಯನ್ನು ಅಂಗೀಕರಿಸಿಯೂ, ಪ್ರಾಣಾಪಾಯವಿಲ್ಲದ ಪ್ರಸಂಗದಲ್ಲಿ ಪ್ರಾಪ್ತವಯಸ್ಕಳಾದ ರೋಗಿಯ ಸ್ಥಾನದಲ್ಲಿ ನಿಂತು ಒಪ್ಪಿಗೆ ಕೊಡುವ ಅಧಿಕಾರ ತಾಯಿಗೂ ಇಲ್ಲವೆಂದು ಸಾರಿ, 25,000 ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಕಳೆದುಹೋದುದರ ಮುಂದೆ ಆ ಮೊತ್ತ ಅತ್ಯಲ್ಪವೆಂದೇ ನನ್ನ ಭಾವನೆ.

ಆಕೆ ರುಜು ಮಾಡಿದ ಪತ್ರವೇನೋ ಇತ್ತು. ಅದರಲ್ಲಿ ಲ್ಯಾಪರೊಸ್ಕೋಪಿಯ ಹೆಸರೂ, ಹೊಟ್ಟೆಯನ್ನು ತೆರೆಯಬೇಕಾದೀತೆಂಬ ಸೂಚನೆಯೂ ಇದ್ದವು. ಗರ್ಭಕೋಶದ ಮಾತು ಮಾತ್ರ ಇರಲಿಲ್ಲ. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಮುಖ್ಯವಾದ ಅಪಾಯಗಳು, ಬೇರೆ ಮಾರ್ಗಗಳು, ಚಿಕಿತ್ಸೆಯನ್ನೊಲ್ಲದಿದ್ದರೆ ಒದಗುವ ಪರಿಣಾಮ ಇವಿಷ್ಟನ್ನೂ ರೋಗಿಗೆ ತಿಳಿಸತಕ್ಕದ್ದೆಂದು ಅದೇ ತೀರ್ಪು ವಿಧಿಸಿದೆ. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಎಷ್ಟೋ ಮಂದಿ, ಅಡ್ಮಿಷನ್ ಕೌಂಟರಿನಲ್ಲಿಯೇ, ತಾವು ಓದಲಾರದ ಇಂಗ್ಲಿಷಿನಲ್ಲಿ ಅಚ್ಚಾದ ಕಾಗದಕ್ಕೆ, ಯಾವ ಶಸ್ತ್ರಕ್ರಿಯೆಯೆಂಬ ಸ್ಥಳ ಇನ್ನೂ ಬರಿದಾಗಿರುವಾಗಲೇ ಹೆಬ್ಬೆಟ್ಟು ಒತ್ತುತ್ತಾರೆ. ಅಂಥ ಕಾಗದವು ಬೆರಳೊಂದು ಅಲ್ಲಿ ಒತ್ತಿತೆಂಬುದನ್ನಲ್ಲದೆ, ಮನಸ್ಸೊಂದು ತಿಳಿದು ಒಪ್ಪಿತೆಂಬುದನ್ನು ಎಂದಿಗೂ ಹೇಳಲಾರದು.

ಆದಕಾರಣ ಕೇಸ್ ಶೀಟಿನಲ್ಲಿ ಬರೆಯಬೇಕಾದುದು ಮಾತುಕತೆಯನ್ನು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ, ಯಾರ ಎದುರಿನಲ್ಲಿ ವೈದ್ಯರು ವಿವರಿಸಿದರು, ರೋಗಿ ಏನನ್ನು ಕೇಳಿದಳು, ಯಾವುದಕ್ಕೆ ಅಂಜಿದಳು, ಏನುತ್ತರ ದೊರೆಯಿತು, ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಗೆ ಮರಳಿ ಹೇಳಿದಳು. ನೂರಾರು ರೋಗಿಗಳು ಸಾಲುಗಟ್ಟಿದ ಜಿಲ್ಲಾಸ್ಪತ್ರೆಯ ವೈದ್ಯರಿಗೆ ಇದಕ್ಕೆಲ್ಲಿ ಪುರಸೊತ್ತು ಎಂಬ ಆಕ್ಷೇಪ ಹುರುಳಿಲ್ಲದ್ದೇನಲ್ಲ. ಅದಕ್ಕುತ್ತರ ವೈದ್ಯರ ಸಂಖ್ಯೆಯನ್ನು ಹೆಚ್ಚಿಸುವುದೇ ಹೊರತು, ರೋಗಿಯ ಪ್ರಶ್ನೆಯನ್ನು ಕತ್ತರಿಸುವುದಲ್ಲ. ನಾಲ್ಕೈದು ಪಂಕ್ತಿಗಳ ಬರಹವಾದರೂ ಸಾಕು, ಅದು ಆ ರೋಗಿಯೊಬ್ಬಳದೇ ಆಗಿದ್ದರೆ.

2002ರ ವೈದ್ಯಕೀಯ ನೀತಿಸಂಹಿತೆಯ ಮೇರೆಗೆ, ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಆ ದಾಖಲೆಯಲ್ಲಿ ಒಪ್ಪಿಗೆಯಂತೆಯೇ ನಿರಾಕರಣೆಗೂ ಸ್ಥಳವಿರಲಿ: ಶಸ್ತ್ರಕ್ರಿಯೆ ಬೇಡವೆಂದವಳು ಏಕೆ ಬೇಡವೆಂದಳೆಂಬುದನ್ನು ಅವಳ ಮಾತಿನಲ್ಲಿಯೇ ಬರೆದಿಟ್ಟರೆ, ಮರುದಿನ ಪಾಳಿಗೆ ಬರುವ ವೈದ್ಯರು ಅವಳನ್ನು ಹಟಮಾರಿಯೆಂದು ಗದರದೆ, ಆ ಕಾರಣದಿಂದಲೇ ಮಾತನ್ನು ಮುಂದುವರಿಸಬಹುದು.