ಹತ್ತಿ ಬಟ್ಟೆಗೆ ಹಿಡಿಯದ ಬಣ್ಣ: ಟಿ-ಶರ್ಟ್ ಪ್ರಿಂಟಿಂಗ್ ಮೆಷಿನ್‌ಗೆ ಸಾಲ ಮಾಡುವ ಮುನ್ನ

‘ಮನೆಯಲ್ಲೇ ಟಿ-ಶರ್ಟ್ ಪ್ರಿಂಟ್ ಮಾಡಿ, ತಿಂಗಳಿಗೆ ಇಷ್ಟು ಸಾವಿರ ದುಡಿಯಿರಿ’ ಅನ್ನುವ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ನಮಗಂತೂ ವಾರಕ್ಕೊಂದು ಬರುತ್ತದೆ. ಹುಡುಗನೊಬ್ಬ ಪ್ರಿಂಟರ್‌ನಿಂದ ಹಾಳೆ ತೆಗೆದು ಬಿಳಿ ಟಿ-ಶರ್ಟ್ ಮೇಲೆ ಇಡುತ್ತಾನೆ. ಮೇಲಿನಿಂದ ಬಿಸಿ ತಟ್ಟೆ ಒತ್ತುತ್ತಾನೆ. ಒಂದು ನಿಮಿಷದಲ್ಲಿ ಫೋಟೊ ಬಟ್ಟೆಯಲ್ಲಿ ಮೂಡಿರುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಹೇಳದೆ ಬಿಟ್ಟಿದ್ದು ಮಾತ್ರ ಬಹಳ ಇದೆ.

ನಮಗೆ ಪರಿಚಯದ ಹುಡುಗನೊಬ್ಬ ಇಂಥದ್ದೇ ವಿಡಿಯೊ ನೋಡಿ, ಅಮ್ಮನ ಸಂಘದಲ್ಲಿ ಸಾಲ ಎತ್ತಿಸಿ ಪ್ರಿಂಟರ್ ಮತ್ತು ಹೀಟ್ ಪ್ರೆಸ್ ತಂದ. ಮೊದಲ ಆರ್ಡರ್ ಊರಿನ ಗಣೇಶನ ಹುಡುಗರದ್ದು, 40 ಟಿ-ಶರ್ಟ್. ‘ಒಳ್ಳೇ ಕಾಟನ್ ಬಟ್ಟೇನೇ ಇರ್ಲಿ’ ಅಂದಿದ್ದರು. ಇವನೂ ಪೇಟೆಗೆ ಹೋಗಿ ಒಳ್ಳೇ ಕಾಟನ್ನೇ ತಂದ. ಒತ್ತಿದಾಗಲೇ ಬಣ್ಣ ಸ್ವಲ್ಪ ಮಂಕಾಗಿ ಕಂಡಿತಂತೆ, ಹೊಸದಲ್ವಾ ಅಂದುಕೊಂಡು ಸುಮ್ಮನಾದ. ವಿಸರ್ಜನೆ ದಿನ ಮೈಮೇಲೆಲ್ಲ ಗುಲಾಲು. ಮಾರನೇ ದಿನ ಮನೆಮನೆಯಲ್ಲಿ ಒಗೆದರು. ಗುಲಾಲಿನ ಜೊತೆ ಎದೆ ಮೇಲಿನ ಗಣಪನೂ ಅರ್ಧ ಹೋಗಿದ್ದ. ಎರಡನೇ ಒಗೆತಕ್ಕೆ ನೆರಳಷ್ಟೇ ಉಳಿಯಿತು. ಮೆಷಿನ್ ಮಾರಿದವರಿಗೆ ಫೋನ್ ಮಾಡಿ, ‘ಅಣ್ಣಾ, ಕಾಟನ್ ಮೇಲೆ ನಿಲ್ಲಲ್ವಂತೆ’ ಅಂದರೆ, ‘ನೀನು ಕೇಳಲಿಲ್ವಲ್ಲ’ ಅಂದರಂತೆ.

ಕೇಳದಿದ್ದರೂ ಮಾರುವವನೇ ಬಾಯಿಬಿಟ್ಟು ಹೇಳಬೇಕು ಅನ್ನೋದು ನಮ್ಮ ವಾದ. ಇದು ಮೆಷಿನ್‌ನ ಯಾವುದೋ ಸಣ್ಣ ಷರತ್ತಲ್ಲ, ಇಡೀ ಕೆಲಸ ನಿಂತಿರುವುದೇ ಇದರ ಮೇಲೆ.

ಈ ವಿಧಾನದ ಹೆಸರು ಡೈ ಸಬ್ಲಿಮೇಷನ್. ಹೈಸ್ಕೂಲ್ ವಿಜ್ಞಾನದಲ್ಲಿ ‘ಉತ್ಪತನ’ ಅಂತ ಓದಿದ್ದೀರಲ್ಲ, ಅದೇ. ದೇವರ ಮನೆಯ ಕರ್ಪೂರದ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಕರ್ಪೂರ ನೀರಾಗದೆಯೇ ಮಾಯವಾಗುತ್ತದೆ, ಅಜ್ಜಿಯರು ಅದಕ್ಕೆಂದೇ ನಾಲ್ಕು ಕಾಳುಮೆಣಸು ಹಾಕಿಡುತ್ತಾರೆ. ಈ ಶಾಯಿಯೂ ಹಾಗೆ. ಹಾಳೆಯ ಮೇಲೆ ಒಣಗಿ ಕೂತ ಬಣ್ಣಕ್ಕೆ ಸುಮಾರು 190–200 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಅದು ಕರಗದೆ ನೇರ ಆವಿಯಾಗುತ್ತದೆ. ಅದೇ ಶಾಖಕ್ಕೆ ಪಾಲಿಯೆಸ್ಟರ್ ಎಳೆ ಒಳಗೊಳಗೇ ಸಡಿಲಗೊಂಡು ಆ ಆವಿಯನ್ನು ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲೆ ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತದೆ. ಕೈಯಾಡಿಸಿದರೆ ಪ್ರಿಂಟ್ ಇದೆ ಅಂತಲೇ ಗೊತ್ತಾಗುವುದಿಲ್ಲ, ಎಷ್ಟು ಒಗೆದರೂ ಸಿಪ್ಪೆ ಏಳುವುದಿಲ್ಲ. ಹತ್ತಿಯ ಎಳೆಗೆ ಈ ಬಣ್ಣವನ್ನು ಒಳಗೆ ಹಿಡಿದಿಡುವ ಗುಣವಿಲ್ಲ. ಬಣ್ಣ ಮೇಲೆಯೇ ಕೂತಿರುತ್ತದೆ, ಸೋಪಿನ ನೀರು ಕಂಡರೆ ಹೊರಡುತ್ತದೆ. ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್ ಮಿಕ್ಸ್ ಇದ್ದರೆ ಬಣ್ಣವೂ ಅರ್ಧವೇ ಉಳಿಯುತ್ತದೆ. ಕಾಟನ್‌ಗೆ ಹೊಡೆಯುವ ಸ್ಪ್ರೇ ಒಂದು ಬಂದಿದೆ. ಅದು ಬಟ್ಟೆ ಮೇಲೆ ಪ್ಲಾಸ್ಟಿಕ್ಕಿನ ಪದರ ಬಳಿದ ಹಾಗೆ. ಅದನ್ನು ನಂಬಿ 40 ಟಿ-ಶರ್ಟ್ ಒಪ್ಪಿಕೊಳ್ಳಬೇಡಿ.

ಇನ್ನೊಂದು ಮಿತಿ ಬಣ್ಣದ್ದು. ಮನೆಯಲ್ಲಿ ಬಳಸುವ ಈ ಪ್ರಿಂಟರ್‌ಗಳಲ್ಲಿ ಬಿಳಿ ಶಾಯಿ ಇರುವುದಿಲ್ಲ. ಬಟ್ಟೆಯ ಬಿಳಿಯೇ ಚಿತ್ರದ ಬಿಳಿ. ಕಪ್ಪು ಟಿ-ಶರ್ಟ್ ಮೇಲೆ ಏನು ಒತ್ತಿದರೂ ಕಾಣುವುದಿಲ್ಲ. ಹಳದಿ ಬಟ್ಟೆಗೆ ನೀಲಿ ಒತ್ತಿದರೆ ಹಸಿರಾಗುತ್ತದೆ. ಕೆಂಪು ಒತ್ತಿದರೆ ಮಾತ್ರ ಕೆಂಪಾಗಿಯೇ ನಿಲ್ಲುತ್ತದೆ. ನಮ್ಮ ರಾಜ್ಯೋತ್ಸವದ ಬಣ್ಣಕ್ಕೆ ಈ ಮೆಷಿನ್ ಹೊಂದಿಕೊಂಡಿರುವುದು ನಮ್ಮ ಪುಣ್ಯ ಅನ್ನಿ.

ಹಾಗಾದರೆ ಇದು ಹಳ್ಳಿಗೆ ಬೇಡದ ವಸ್ತುವೇ? ಅಲ್ಲ. ವಿಡಿಯೊದವರು ತೋರಿಸುವ ಕೆಲಸ ನಮ್ಮದಲ್ಲ, ಅಷ್ಟೆ. ಗಂಡ ಹೆಂಡತಿ ಫೋಟೊ ಇರುವ ಟಿ-ಶರ್ಟ್ ಒಂದು ಊರಲ್ಲಿ ವರ್ಷಕ್ಕೆ ಎಷ್ಟು ಹೋದೀತು? ನಮ್ಮೂರುಗಳಲ್ಲಿ ಪಾಲಿಯೆಸ್ಟರ್ ಬಟ್ಟೆಯನ್ನು ಕೇಳಿ ಹಾಕಿಕೊಳ್ಳುವ ಜಾಗ ಒಂದೇ, ಆಟದ ಮೈದಾನ. ಜೆರ್ಸಿ ಅಂದರೇ ಪಾಲಿಯೆಸ್ಟರ್. ಕಬಡ್ಡಿ ತಂಡ ಅಂದರೆ ಅಂಕಣದಲ್ಲಿ 7 ಜನ, ಹೊರಗೆ 5 ಜನ, ಒಟ್ಟು 12. ಹನ್ನೆರಡಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ನಂಬರ್. ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಇದು ಬೇಡದ ಕೆಲಸ, ಒಂದೊಂದು ಹೆಸರಿಗೂ ಒಂದೊಂದು ಸ್ಕ್ರೀನ್ ಮಾಡುತ್ತ ಕೂತರೆ ಗಿಟ್ಟುವುದಿಲ್ಲ. ಸಬ್ಲಿಮೇಷನ್‌ಗೆ ಒಂದೇ ಹೆಸರಿನ ಹನ್ನೆರಡು ಹಾಳೆಯೂ ಒಂದೇ, ಹನ್ನೆರಡು ಹೆಸರಿನ ಹನ್ನೆರಡು ಹಾಳೆಯೂ ಒಂದೇ. ಈ ಕೆಲಸವೆಲ್ಲ ಈಗ ಪೇಟೆಗೆ ಹೋಗುತ್ತಿದೆ. ಪೇಟೆಯ ಅಂಗಡಿಯವರು ಸಾಫ್ಟ್‌ವೇರ್‌ನ ಭಾಷೆ ಸೆಟ್ಟಿಂಗ್ ನೋಡದೆ ಒತ್ತಕ್ಷರ ಒಡೆದು, ‘ಮಲ್ಲಪ್ಪ’ನನ್ನು ‘ಮಲ್‌ಲಪ್‌ಪ’ ಮಾಡಿ ಕೊಟ್ಟ ಜೆರ್ಸಿಗಳನ್ನು ನಾವೇ ಟೂರ್ನಮೆಂಟ್‌ಗಳಲ್ಲಿ ನೋಡಿದ್ದೇವೆ. ಊರಿನ ಹುಡುಗ ಆ ತಪ್ಪು ಮಾಡುವುದಿಲ್ಲ, ಮಾಡಿದರೆ ಮಲ್ಲಪ್ಪನೇ ಮನೆಗೆ ಬಂದು ಕೇಳುತ್ತಾನೆ.

ಇಲ್ಲೂ ಅಳತೆ ಮೀರಿ ಮಾತು ಕೊಡಬಾರದು. ಟಿವಿಯಲ್ಲಿ ಕಾಣುವ, ತೋಳಿನಿಂದ ಸೊಂಟದವರೆಗೂ ಬಣ್ಣ ಹರಿದಿರುವ ಜೆರ್ಸಿ ಮನೆಯಲ್ಲಿ ಆಗುವ ಕೆಲಸವಲ್ಲ. ಅದನ್ನು ದೊಡ್ಡ ರೋಲ್ ಪ್ರಿಂಟರ್‌ನಲ್ಲಿ ಮಾಡಿ ಆಮೇಲೆ ಕತ್ತರಿಸಿ ಹೊಲಿಯುತ್ತಾರೆ. ಮನೆಯ ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಉದ್ದ. ಬೆನ್ನಿಗೊಂದು ನಂಬರ್, ಹೆಸರು, ಎದೆಗೆ ಊರಿನ ಹೆಸರು, ಇಷ್ಟಕ್ಕೆ ಸಾಕು. ಐಪಿಎಲ್ ತಂಡಗಳ ಲಾಂಛನ ಹಾಕಿಕೊಡಿ ಅಂತ ಕೇಳುವವರು ಬರುತ್ತಾರೆ. ಅನುಮತಿ ಇಲ್ಲದೆ ಅದನ್ನು ಅಚ್ಚು ಹಾಕಿ ಮಾರುವುದು ಕಾನೂನಿನಲ್ಲಿ ತಪ್ಪು.

ಕರೆಂಟಿನ ಮಾತನ್ನಂತೂ ಯಾವ ವಿಡಿಯೊವೂ ಆಡುವುದಿಲ್ಲ. 15 ಇಂಚು ಉದ್ದಗಲದ ಹೀಟ್ ಪ್ರೆಸ್ ಸಾಮಾನ್ಯವಾಗಿ 1,500ರಿಂದ 2,000 ವ್ಯಾಟ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಬೋರ್ಡ್ ಸುಡುತ್ತದೆ. 16 ಆಂಪ್‌ನ ಪವರ್ ಪ್ಲಗ್ ಬೇಕು, ಸರಿಯಾದ ಅರ್ಥಿಂಗ್ ಬೇಕು. ಸಂಜೆ ವೋಲ್ಟೇಜ್ ಇಳಿಯುವ ಊರಾದರೆ ತಟ್ಟೆ ಕಾಯುವುದೇ ನಿಧಾನ, ಪೂರ್ತಿ ಕಾಯುವ ಮುಂಚೆ ಒತ್ತಿದರೆ ಬಣ್ಣ ಮಸುಕು. ‘ಇಸ್ತ್ರಿ ಪೆಟ್ಟಿಗೆಯಲ್ಲೇ ಮಾಡಬಹುದು’ ಅನ್ನುವ ವಿಡಿಯೊಗಳೂ ಇವೆ. ಇಸ್ತ್ರಿ ಪೆಟ್ಟಿಗೆಯ ಶಾಖ ಒಂದೊಂದು ಕಡೆ ಒಂದೊಂದು ಥರ, ಕೈ ಅಲುಗಿದರೆ ಹಾಳೆಯೂ ಜರುಗಿ ಅಕ್ಷರ ಎರಡೆರಡಾಗಿ ಕಾಣುತ್ತದೆ. ಒಂದು ಕರವಸ್ತ್ರದ ಮೇಲೆ ಆಟಕ್ಕೆ ಮಾಡಬಹುದು, ಕಾಸು ತೆಗೆದುಕೊಂಡು ಮಾಡಬಾರದು. ಒತ್ತುವಾಗ ಹೊಗೆ, ವಾಸನೆ ಏಳುತ್ತದೆ. ಕಿಟಕಿ ತೆರೆದಿರಲಿ, ಮಗು ಮಲಗುವ ಕೋಣೆಯಲ್ಲಂತೂ ಬೇಡ.

ಪ್ರಿಂಟರ್‌ಗೂ ಒಂದು ಕಾಯಿಲೆ ಇದೆ. ಹದಿನೈದು ಇಪ್ಪತ್ತು ದಿನ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ತೂತು ಕಟ್ಟಿಕೊಳ್ಳಬಹುದು. ಆರ್ಡರ್ ಇಲ್ಲದಿದ್ದರೂ ಎರಡು ಮೂರು ದಿನಕ್ಕೊಂದು ಹಾಳೆ ಓಡಿಸಬೇಕು. ಹಬ್ಬಕ್ಕೆ ಮಾತ್ರ ಕೆಲಸ ಸಿಗುವ ಊರಿನಲ್ಲಿ ಇದು ಸಣ್ಣ ಖರ್ಚಲ್ಲ.

ನಾಲ್ಕೈದು ಕಡೆ ಓಡಾಡಿ, ಕೇಳಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಪ್ರಿಂಟರ್ ಮೊದಲು ಕೊಳ್ಳಬೇಡಿ. ಹೀಟ್ ಪ್ರೆಸ್ ಒಂದನ್ನೇ ಕೊಳ್ಳಿ. ಡಿಟಿಎಫ್ ಅಂತ ಇನ್ನೊಂದು ವಿಧಾನವಿದೆ. ವಿಶೇಷ ಫಿಲ್ಮ್ ಮೇಲೆ ಬಿಳಿ ಶಾಯಿಯೂ ಸೇರಿ ಪ್ರಿಂಟ್ ಆಗಿ, ಹಿಂದೆ ಅಂಟಿನ ಪುಡಿ ಇರುತ್ತದೆ. ಸುಮಾರು 150–160 ಡಿಗ್ರಿಯಲ್ಲಿ ಹತ್ತು ಹದಿನೈದು ಸೆಕೆಂಡ್ ಒತ್ತಿದರೆ ಕಾಟನ್ ಮೇಲೂ ಕೂರುತ್ತದೆ, ಕಪ್ಪು ಬಟ್ಟೆ ಮೇಲೂ ಕೂರುತ್ತದೆ. ಮುಟ್ಟಿದರೆ ಸ್ವಲ್ಪ ರಬ್ಬರಿನ ಹಾಗೆ ಇರುತ್ತದೆ, ನಿಜ. ಆ ಪ್ರಿಂಟರ್ ದುಬಾರಿ, ಆದರೆ ಪ್ರಿಂಟ್ ಆದ ಫಿಲ್ಮನ್ನು ನಗರದವರು ಮೀಟರ್ ಲೆಕ್ಕದಲ್ಲಿ ಕೊರಿಯರ್ ಮಾಡುತ್ತಾರೆ. ಒಂದು ಹಬ್ಬ, ಒಂದು ಟೂರ್ನಮೆಂಟ್ ಹೀಗೆ ಮಾಡಿ ನೋಡಿ. ಜೆರ್ಸಿಯ ಆರ್ಡರ್ ತಾನಾಗಿ ಬರತೊಡಗಿದರೆ ಸಬ್ಲಿಮೇಷನ್ ಪ್ರಿಂಟರ್‌ಗೆ ಆಗ ಕೈ ಹಾಕಿ. ಸಾಲವೇ ಬೇಕಾದರೆ ವಾರದ ಕಂತಿನದ್ದು ಬೇಡ. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಇದೆ, ಬ್ಯಾಂಕಿನಲ್ಲಿ ಮೊದಲು ಅದನ್ನು ವಿಚಾರಿಸಿ.

ಪ್ರಿಂಟ್ ಮಾಡುವವರಿಗೂ ಒಂದು ಮಾತು. ಗಿರಾಕಿಗೆ ಇದು ಪಾಲಿಯೆಸ್ಟರ್ ಅಂತ ಬಾಯಿಬಿಟ್ಟು ಹೇಳಿ. ಬೇಸಿಗೆಯಲ್ಲಿ ಅದು ಬೆವರು ಹೀರುವುದಿಲ್ಲ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ, ಒಲೆ ಮುಂದೆ ಕೂರುವವರಿಗೆ, ಪಟಾಕಿ ಹೊಡೆಯುವ ಮಕ್ಕಳಿಗೆ ಅದು ಬೇಡ. ಮಾರಿದವರು ಹೇಳಲಿಲ್ಲ ಅಂತ ಬೈಯುವ ನಾವು ಕೊಳ್ಳುವವರಿಗೆ ಹೇಳದಿದ್ದರೆ ಹೇಗೆ?

ಆ ಹುಡುಗ ಗಣೇಶನ ಹುಡುಗರಿಗೆ ಕಂತಿನ ಮೇಲೆ ದುಡ್ಡು ವಾಪಸ್ ಕೊಟ್ಟ. ಕೆಲವರು ಬೇಡ ಅಂದರು, ಕೆಲವರು ತೆಗೆದುಕೊಂಡರು. ತಾಲೂಕಿನ ದಸರಾ ಕ್ರೀಡಾಕೂಟಕ್ಕೆ ಅದೇ ಹುಡುಗರ ಕಬಡ್ಡಿ ತಂಡ 12 ಜೆರ್ಸಿ ಕೊಟ್ಟು ನೋಡೋಣ ಅಂದಿತು. ಬಿಳಿ ಪಾಲಿಯೆಸ್ಟರ್, ಕೆಂಪು ಅಕ್ಷರ. ಕೊಡುವ ಮುಂಚೆ ಒಂದನ್ನು ಮೂರು ಸಲ ಒಗೆದು ನೋಡಿದನಂತೆ. ಪ್ರಿಂಟ್ ಕೊಡುವಾಗ ಒಂದು ಹಾಳೆಗೆ ಅಕ್ಷರ ಉಲ್ಟಾ ಮಾಡುವುದು ಮರೆತು, ಊರಿನ ಹೆಸರು ಕನ್ನಡಿಯಲ್ಲಿ ಮಾತ್ರ ಓದಿಸಿಕೊಳ್ಳುವ ಹಾಗೆ ಆಯಿತು. ಅದನ್ನು ಬದಲಿಸಿಕೊಟ್ಟು, ಕೆಟ್ಟದ್ದನ್ನು ತಾನೇ ಇಟ್ಟುಕೊಂಡಿದ್ದಾನೆ. ಮೊನ್ನೆ ನಾವು ಹೋದಾಗ ಅದನ್ನೇ ಹಾಕಿಕೊಂಡು ಎಮ್ಮೆಗೆ ಹುಲ್ಲು ಹಾಕುತ್ತಿದ್ದ.