ಬಾರದ ಬಾಡಿಗೆಗೂ ಕರವೇ?

ನಮ್ಮ ಮನೆಯ ಮುಂದಿನ ಎರಡು ಖೋಲಿ ಬಾಡಿಗೆಗೆ ಇವೆ. ಅಲ್ಲಿದ್ದ ಮಾಸ್ತರರಿಗೆ ಜೂನ್‌ನಲ್ಲಿ ವರ್ಗವಾಯಿತು. ದೀಪಾವಳಿಯವರೆಗೂ ಬೀಗ ತೆಗೆಯಲಿಲ್ಲ. ಆಸ್ತಿ ಕರದ ಚಲನ್‌ನಲ್ಲಿ ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಪುರಸಭೆಯಲ್ಲಿ ಕೇಳಿದರೆ, ಕಂಪ್ಯೂಟರ್ ಹಾಗೇ ತೋರಿಸುತ್ತದೆ ಎಂದರು.

ತಪ್ಪು ಕಂಪ್ಯೂಟರಿನದಲ್ಲ, ಕಾಯ್ದೆಯದು. 2002ಕ್ಕೂ ಮೊದಲು ಪುರಸಭೆಗಳು ಮನೆಗೆ ಬರಬಹುದಾದ ವಾರ್ಷಿಕ ಬಾಡಿಗೆ ನೋಡಿ ಕರ ಹಾಕುತ್ತಿದ್ದವು. ಆಮೇಲೆ ಆಸ್ತಿಯ ಬೆಲೆ ನೋಡತೊಡಗಿದರು. 2021ರ ತಿದ್ದುಪಡಿಯಿಂದ ಅದು ಚಾಲ್ತಿ ಮಾರ್ಗಸೂಚಿ ದರಕ್ಕೆ ಗಂಟುಬಿತ್ತು. 2023ರ ಅಕ್ಟೋಬರ್ 1ರಿಂದ ಆ ದರವೂ ರಾಜ್ಯದಾದ್ಯಂತ ಏರಿತು. ಬಾಡಿಗೆ ಏರಿತೇ? ರಾಮದುರ್ಗದಲ್ಲಿ ಮಗ್ಗದ ಕೂಲಿ ಹೆಚ್ಚದೆ ನೇಕಾರ ಹೆಚ್ಚು ಬಾಡಿಗೆ ಎಲ್ಲಿಂದ ತರಬೇಕು? ಸವದತ್ತಿಯಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಭಕ್ತರಿಂದ ತುಂಬುವ ಖೋಲಿ ಉಳಿದ ತಿಂಗಳು ಖಾಲಿ. ಜಾಗ ಮಾರಿದರೆ ಎಷ್ಟು ಬಂದೀತೆಂದು ಲೆಕ್ಕ ಹಾಕಿ, ಮಾರದೆ ಅದರಲ್ಲೇ ಬದುಕುವವರಿಂದ ಕರ ವಸೂಲು ಮಾಡುವುದು ಅನ್ಯಾಯ.

ಇದರ ಮೇಲೆ ಉಪಕರ. ಸಾವಿರ ರೂಪಾಯಿ ಕರಕ್ಕೆ ಆರೋಗ್ಯದ್ದು 150, ಗ್ರಂಥಾಲಯದ್ದು 60, ಭಿಕ್ಷುಕರದ್ದು 30. ಗ್ರಂಥಾಲಯಕ್ಕೆ ನಾನು ಸಂತೋಷದಿಂದ ಕೊಡುತ್ತೇನೆ. ನನ್ನ ತಕರಾರು ಕಸದ ಶುಲ್ಕದ್ದು. ಕಟ್ಟಡದ ಅಳತೆ ನೋಡಿ ಹಾಕುತ್ತಾರೆ. ಬೀಗ ಹಾಕಿದ ಖೋಲಿಯಿಂದ ಐದು ತಿಂಗಳು ಯಾವ ಕಸ ಹೋಯಿತು? ಕರ ಬೇರೆ, ಶುಲ್ಕ ಬೇರೆ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಹೇಳಿದೆ. ಶುಲ್ಕವೆಂದರೆ ಮಾಡಿದ ಸೇವೆಗೆ ಪಡೆಯುವ ಹಣ. ಪೈಸೆಗೆ ಪೈಸೆ ತಾಳೆಯಾಗಬೇಕಿಲ್ಲ ಎಂದು ಮುಂದಿನ ತೀರ್ಪುಗಳು ಸಡಿಲಿಸಿವೆ, ನಿಜ. ಆದರೆ ಸೇವೆಯೇ ಇಲ್ಲದಿದ್ದರೆ ಅದನ್ನು ಶುಲ್ಕ ಎನ್ನುವುದು ಹೇಗೆ?

ಪುರಸಭೆಗೆ ದುಡ್ಡು ಬೇಕು. ನಸುಕಿನಲ್ಲೇ ಬೀದಿ ಗುಡಿಸುವ ಪೌರಕಾರ್ಮಿಕರ ಪಗಾರ ಒಂದು ದಿನವೂ ತಡವಾಗಬಾರದು. ಅದಕ್ಕೇ ಕರ ತಪ್ಪಿಸುವ ಮಾತು ನನ್ನದಲ್ಲ. ವಾಸದ ಮನೆಯಲ್ಲೇ ಒಂದೆರಡು ಖೋಲಿ ಬಾಡಿಗೆಗೆ ಕೊಟ್ಟವರಿಗೆ ಬೇರೆ ದರ ಇರಲಿ, ಖಾಲಿ ಬಿದ್ದ ತಿಂಗಳ ಕಸದ ಶುಲ್ಕ ಬಿಡಲಿ ಎನ್ನುತ್ತೇನೆ. ಕಾಯ್ದೆ ತಿದ್ದಬೇಕಾದವರು ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಮುಟ್ಟುವಂತೆ ಠರಾವು ಮಾಡಿ ಕಳಿಸುವ ಕೆಲಸ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಈ ನಮ್ಮ ನಾಲ್ಕೂ ಊರಿನ ಸದಸ್ಯರದು.

ನಿಮ್ಮದು ಪುರಸಭೆಯಿರಲಿ, ಕಿತ್ತೂರಿನಂತೆ ಪಟ್ಟಣ ಪಂಚಾಯಿತಿಯಿರಲಿ, ಈ ಸಲ ಕಟ್ಟುವ ಮುಂಚೆ ಚಲನ್ ಪೂರ್ತಿ ಓದಿರಿ. ತಕರಾರಿದ್ದರೆ ಕೌಂಟರ್ ಮುಂದೆ ಜಗಳಾಡಬೇಡಿ. ಮುಖ್ಯಾಧಿಕಾರಿಗೆ ಅರ್ಜಿ ಬರೆದುಕೊಟ್ಟು ಹಿಂಬರಹ ಕೇಳಿ ಪಡೆಯಿರಿ.